ಕಲಬುರಗಿ: ಮಾಳಿಗೆ ಮೇಲೆ ಕೂರುವ ಧೂಳು ಎಲ್ಲಿಯದು ಅಂತ ತಿಳಿಯೋದು ಹೇಗೆ?

ಅವ್ವನ ಮಗಳು:
ನಮ್ಮ ಮನೆ ರಿಂಗ್ ರೋಡ್ ಪಕ್ಕ. ಆಚೆ ದಾಲ್ ಮಿಲ್ಲು, ಈಚೆ ಎರೆ ಹೊಲ. ಡಿಸೆಂಬರ್‌ನಿಂದ ಅವ್ವನಿಗೆ ಕೆಮ್ಮು ಬಿಟ್ಟಿಲ್ಲ. ಮಾಳಿಗೆ ಮೇಲೆ ಸ್ಟೀಲ್ ತಟ್ಟೆ ಇಟ್ಟು ನೋಡಿದೆ. ಎರಡೇ ದಿನಕ್ಕೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ನಿಂಬೆರಸ ಬಿಟ್ಟರೆ ಸಣ್ಣ ಗುಳ್ಳೆ ಎದ್ದವು. ಅಂದರೆ ಸಿಮೆಂಟ್ ಧೂಳೇ ಅಲ್ವಾ?

ಚಿತ್ತಾಪುರದವ:
ಇನ್ನೇನು ರೀ, ಸೇಡಂ, ವಾಡಿ ಸಿಮೆಂಟ್ ಫ್ಯಾಕ್ಟರಿಗಳ ಕಡೆಯದೇ. ನಮ್ಮಲ್ಲಿ ಬೇವಿನ ಎಲೆಯೂ ಬೆಳ್ಳಗಾಗಿದೆ.

ಫಿಲ್ಟರ್ ತೂಗುವವ:
ಅಕ್ಕಾ, ಅವಸರ ಬೇಡ. ಆರು ವರ್ಷ ಗಾಳಿ ಪರೀಕ್ಷೆಯ ಲ್ಯಾಬ್‌ನಲ್ಲಿದ್ದೆ. ಗುಳ್ಳೆ ಎದ್ದರೆ ಸುಣ್ಣದ ಕಲ್ಲಿನ ಅಂಶ ಇದೆ ಅಂತ, ಅಷ್ಟೇ. ಪಕ್ಕದ ಹೊಲದಲ್ಲಿ ಹೆಂಟೆ ಒಡೆದು ಹುಡುಕಿ, ಬಿಳಿ ಹರಳು ಸಿಗುತ್ತವೆ. ಅದಕ್ಕೂ ನಿಂಬೆರಸ ಬಿಟ್ಟು ನೋಡಿ. ಶಹಾಬಾದ್ ಫರಸಿಯ ಪುಡಿಯೂ ಹಾಗೇ. ನಮ್ಮ ಸೀಮೆಯಲ್ಲಿ ಮಣ್ಣಲ್ಲೂ ಸುಣ್ಣ, ಕಲ್ಲಲ್ಲೂ ಸುಣ್ಣ.

ಲ್ಯಾಬ್‌ನವರು ನಿಮಿಷಕ್ಕೆ 16.7 ಲೀಟರ್‌ನಂತೆ 24 ಗಂಟೆ ಗಾಳಿ ಎಳೆದು, 47 ಮಿಲಿಮೀಟರ್ ಅಗಲದ ಫಿಲ್ಟರ್ ಮೇಲೆ ಕಣ ಹಿಡಿಯುತ್ತಾರೆ. ಹಾಕುವಾಗ ಹಾಲಿನಂತೆ ಬಿಳಿ. ಮರುದಿನ ಇಕ್ಕಳದಲ್ಲಿ ಎತ್ತಿದರೆ ನಡುವೆ ದುಂಡನೆ ಕಲೆ. ಮಣ್ಣು ಎದ್ದ ದಿನ ಕಂದು, ಹೊಗೆಯ ದಿನ ಕಪ್ಪು. ಆಮೇಲೆ ಅದರೊಳಗೆ ಏನೇನಿದೆ ಅಂತ ಅಳೆಯುತ್ತಾರೆ. ಸಿಲಿಕಾನ್, ಅಲ್ಯೂಮಿನಿಯಂ ಜಾಸ್ತಿ ಇದ್ದರೆ ಮಣ್ಣು. ಅವಕ್ಕೆ ಹೋಲಿಸಿದರೆ ಸುಣ್ಣದಲ್ಲಿರುವ ಕ್ಯಾಲ್ಸಿಯಂ ತೀರಾ ಏರಿದ್ದರೆ ಕಲ್ಲು, ಸಿಮೆಂಟ್ ಮೇಲೆ ಅನುಮಾನ. ತಾಮ್ರ, ಬೇರಿಯಂ ಬ್ರೇಕ್ ಸವೆದ ಗುರುತು. ಲೆವೊಗ್ಲುಕೋಸಾನ್ ಎಂಬ ರಾಸಾಯನಿಕ ಸಿಕ್ಕರೆ ಕಟ್ಟಿಗೆ, ಸೊಪ್ಪುಸದೆ ಸುಟ್ಟಿದ್ದಾರೆ ಅಂತ ಅರ್ಥ.

ಹೋಲಿಸಲು ನಮ್ಮದೇ ಎರೆ ಮಣ್ಣಿನಲ್ಲಿ ಏನೇನು ಎಷ್ಟಿದೆ ಅನ್ನೋ ಲೆಕ್ಕ ಬೇಕು. ಬೇರೆ ಕಡೆಯ ಕೆಂಪು ಮಣ್ಣಿನ ಪಟ್ಟಿ ಇಟ್ಟರೆ, ಹೊಲದ ಸುಣ್ಣವೆಲ್ಲ ಸಿಮೆಂಟ್ ಖಾತೆಗೆ ಹೋಗುತ್ತದೆ. ನಾನು ಲ್ಯಾಬ್‌ನಲ್ಲಿ ಜಗಳ ಆಡಿದ್ದೇ ಇದಕ್ಕೆ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿ ಸುಧಾರಿಸಬೇಕಾದ ಊರುಗಳ ಪಟ್ಟಿಯಲ್ಲಿ ಕಲಬುರಗಿಯ ಹೆಸರೂ ಇದೆ. ಹಾಗಾಗಿ ಈ ಲೆಕ್ಕ ಸರಿಯಾಗಿರಬೇಕು.

ಇನ್ನೊಂದು ಮಾತು. ತಟ್ಟೆಗೆ ಬಿದ್ದದ್ದು ಬಹುಪಾಲು ದಪ್ಪ ಧೂಳು. ಎದೆಯ ಆಳಕ್ಕೆ ಇಳಿಯುವ ತೀರಾ ಸಣ್ಣ ಕಣ, ಅಂದರೆ ಪಿಎಂ 2.5, ಗಾಳಿಯಲ್ಲೇ ತೇಲುತ್ತಿರುತ್ತದೆ. ಅವ್ವನಿಗೆ ಕೆಮ್ಮು ಯಾವ ಹೊತ್ತಿಗೆ ಜಾಸ್ತಿ?

ಅವ್ವನ ಮಗಳು:
ಹೆಂಟೆ ಒಡೆದೆ. ಕಡಲೆಕಾಳಿನಷ್ಟು ಬಿಳಿ ಹರಳು ಸಿಕ್ಕಿತು, ಅದೂ ಗುಳ್ಳೆ ಬಿಟ್ಟಿತು. ಕೆಮ್ಮು ಬೆಳಗಿನ ಜಾವಕ್ಕೇ ಜಾಸ್ತಿ. ಆಗ ಹಿತ್ತಲಲ್ಲಿ ತೊಗರಿ ಕಟ್ಟಿಗೆ ಉರಿಸಿ ಸ್ನಾನಕ್ಕೆ ನೀರು ಕಾಯಿಸುತ್ತೇವೆ. ಒಲೆ ಮುಂದೆ ಕೂರುವುದು ಅವ್ವನೇ.

ಫಿಲ್ಟರ್ ತೂಗುವವ:
ಹಾಗಾದರೆ ಮೊದಲು ಅವ್ವನನ್ನು ಆ ಒಲೆಯಿಂದ ಎಬ್ಬಿಸಿ ಅಕ್ಕಾ. ಇಷ್ಟು ದಿನದ ಕೆಮ್ಮು, ಡಾಕ್ಟರಿಗೂ ತೋರಿಸಿ. ರಸ್ತೆ, ಮಿಲ್ಲು ಬಿಟ್ಟುಬಿಡಿ ಅಂತಲ್ಲ. ಹೊತ್ತು, ಗಾಳಿಯ ದಿಕ್ಕು, ವಾಸನೆ, ಮೂರನ್ನೂ ದಿನಾ ಬರೆದಿಡಿ.

ಅವ್ವನ ಮಗಳು:
ಇವತ್ತು ಗ್ಯಾಸ್ ಮೇಲೆ ನೀರು ಕಾಯಿಸಿದೆವು. ಹದಿನೈದು ದಿನ ಬರೆದು ಇಲ್ಲೇ ಹಾಕುತ್ತೇನೆ.