ವಿಲ್‌ನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಒಂದು ಪಾಲು ಬಿಡಬೇಕು, ಹೇಗೆ ಬರೆಯಲಿ?

ಮೈಸೂರು ಟೀಚರ್: ನನಗೆ 68 ವರ್ಷ. ಯಜಮಾನರು ಬಾಯಿ ಕ್ಯಾನ್ಸರಿನಿಂದ ಹೋದರು. ಕೊನೆಯ 19 ದಿನ ಬೆಂಗಳೂರಿನ ಕರುಣಾಶ್ರಯದಲ್ಲಿದ್ದರು, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಜಾಗ ಅದು. ಒಂದು ರೂಪಾಯಿ ಕೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರು ರಾತ್ರಿಯಿಡೀ ನಿದ್ದೆ ಮಾಡಿದ್ದನ್ನು ನಾನು ಅಲ್ಲೇ ನೋಡಿದ್ದು. ಮನೆ ಇಬ್ಬರು ಮಕ್ಕಳಿಗೆ. ಎಫ್‌ಡಿ ಹಣದಲ್ಲಿ ಸ್ವಲ್ಪ ಕರುಣಾಶ್ರಯಕ್ಕೆ, ಸ್ವಲ್ಪ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಗೆ ಹೋಗಬೇಕು. ಈಗಲೇ ಕೊಡೋಣ ಅಂದರೆ ನನ್ನದೇ ಔಷಧಿ ಖರ್ಚು ಮುಂದೆ ಎಷ್ಟಾಗುತ್ತದೋ ಅಂತ ಭಯ. ವಿಲ್ ಬರೆದರೆ ಸಾಕಾ? ಎಫ್‌ಡಿಗೆ ಮಗ ನಾಮಿನಿ.

ಹಾಸನದ ವಕೀಲ: ಸಾಕು ಅಮ್ಮ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಸ್ಟಾಂಪ್ ಪೇಪರ್ ಬೇಡ. ನೀವು ಸಹಿ ಮಾಡಬೇಕು, ಇಬ್ಬರು ಸಾಕ್ಷಿಗಳು ಅದನ್ನು ನೋಡಿ ನಿಮ್ಮೆದುರೇ ಸಹಿ ಹಾಕಬೇಕು. ಪಾಲು ಪಡೆಯುವವರು ಸಾಕ್ಷಿ ಆಗದಿದ್ದರೆ ಒಳ್ಳೆಯದು. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿಬಿಡಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹೊಸದು ಬರೆಯಬಹುದು, ಕೊನೆಯದೇ ನಿಲ್ಲುತ್ತದೆ.

ಹೆಸರಿನ ಬಗ್ಗೆ ಮಾತ್ರ ಹುಷಾರು. ಕರುಣಾಶ್ರಯ ನಡೆಸುವುದು 1994ರಲ್ಲಿ ಶುರುವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್. ಕಿದ್ವಾಯಿಯ ಪೂರ್ತಿ ಹೆಸರು ಕಿದ್ವಾಯಿ ಮೆಮೋರಿಯಲ್ ಇನ್‌ಸ್ಟಿಟ್ಯೂಟ್ ಆಫ್ ಆಂಕಾಲಜಿ. ಎರಡೂ ಕಡೆ ಫೋನ್ ಮಾಡಿ, ದಾಖಲೆಯಲ್ಲಿ ಇರುವ ಹೆಸರು, ವಿಳಾಸ ಕೇಳಿ ಹಾಗೇ ಬರೆಯಿರಿ.

ಶಿರಸಿ ಹುಡುಗಿ: ಹೆಸರಿನ ಮಾತು ನೂರಕ್ಕೆ ನೂರು ನಿಜ. ನಮ್ಮ ದೊಡ್ಡಪ್ಪ ಸುಮ್ನೆ "ಕ್ಯಾನ್ಸರ್ ಆಸ್ಪತ್ರೆಗೆ ಎರಡು ಲಕ್ಷ" ಅಂತ ಬರೆದಿದ್ದರು. ಯಾವ ಆಸ್ಪತ್ರೆ? ಒಬ್ಬೊಬ್ಬರು ಒಂದೊಂದು ಹೇಳಿದರು, ಜೊತೆಗೆ ಬ್ಯಾಂಕಿನವರು ಹಣವನ್ನು ನಾಮಿನಿ ಕೈಗೆ ಕೊಟ್ಟಾಗಿತ್ತು, ಹಣ ಪಡೆದವರು ನಾಮಿನಿ ಅಂದರೆ ಮಾಲೀಕ ಅಂದುಕೊಂಡಿದ್ದರು, ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಎರಡು ವರ್ಷ ಹೋಯಿತು. ನಾಮಿನಿ ಹಣ ಪಡೆದುಕೊಳ್ಳುವವನು ಅಷ್ಟೇ. ವಿಲ್‌ನಲ್ಲಿ ಇರುವಂತೆ ಅವನು ಹಂಚಬೇಕು. ನಿಮ್ಮ ಮಗನಿಗೆ ಇದು ಈಗಲೇ ಗೊತ್ತಿರಲಿ. ವಿಲ್ ಜಾರಿ ಮಾಡುವ ಎಕ್ಸಿಕ್ಯೂಟರ್ ಯಾರು ಅಂತಲೂ ಬರೆಯಿರಿ.

ಹಾಸನದ ವಕೀಲ: ಇನ್ನೊಂದು. ಇಂತಿಷ್ಟು ಲಕ್ಷ ಅಂತ ಬರೆಯುವ ಬದಲು ನೂರಕ್ಕೆ ಇಷ್ಟು ಪಾಲು ಅಂತ ಬರೆಯಿರಿ. ನಿಮ್ಮ ಖರ್ಚಿಗೆ ಎಫ್‌ಡಿ ಮುರಿದರೂ ಮಕ್ಕಳಿಗೂ ಉಳಿಯುತ್ತದೆ, ಆ ಎರಡು ಸಂಸ್ಥೆಗಳಿಗೂ ಹೋಗುತ್ತದೆ. ಹಣ ಇಂಥದ್ದಕ್ಕೇ ಅಂತ ಬಿಗಿಯಾಗಿ ಕಟ್ಟಬೇಡಿ. ರೋಗಿಗಳ ಆರೈಕೆಗೆ ಅಂದರೆ ಸಾಕು.

ಕೋಲಾರದ ಮಗ: ನಮ್ಮಮ್ಮ ಹೀಗೇ ಬರೆದಿದ್ದರು. ಮೊದಲೇ ಕೂರಿಸಿ ಹೇಳಿದ್ದರಿಂದ ನನಗೆ ಒಂದು ಚೂರೂ ಬೇಜಾರಾಗಲಿಲ್ಲ. ಚೆಕ್ ಕೊಡಲು ನಾನೇ ಹೋಗಿದ್ದೆ. ಅವತ್ತು ಅಮ್ಮ ಪಕ್ಕದಲ್ಲೇ ಇದ್ದ ಹಾಗಿತ್ತು.

ಮೈಸೂರು ಟೀಚರ್: ಎಲ್ಲರಿಗೂ ಕೈಮುಗಿಯುತ್ತೇನೆ. ನೂರಕ್ಕೆ ಹತ್ತು ಕರುಣಾಶ್ರಯಕ್ಕೆ, ಹತ್ತು ಕಿದ್ವಾಯಿಗೆ ಅಂತ ಬರೆಯುತ್ತೇನೆ. ಭಾನುವಾರ ಮಕ್ಕಳಿಬ್ಬರೂ ಊಟಕ್ಕೆ ಬರುತ್ತಾರೆ, ಅವತ್ತೇ ಹೇಳುತ್ತೇನೆ.