ಇಂಜಿನ್ ಕಾದಿದೆ, ಇಂಜಿನ್ ಕಾದುಹೋಗಿದೆ: ಓವರ್‌ಹೀಟ್‌ಗೆ ಏನನ್ನೋಣ?

ಗೆಳೆಯರೇ,

ಚಿಕ್ಕಬಳ್ಳಾಪುರದಿಂದ ಬರೆಯುತ್ತಿದ್ದೇನೆ. ಒಂದು ಪದದ ತಕರಾರಿದೆ, ಅದಕ್ಕೆ ಮೊದಲು ಗಾಡಿಯ ಕತೆ ಸ್ವಲ್ಪ ಹೇಳಬೇಕು.

ನನ್ನ ಹತ್ತಿರ ಹಳೇ ಯೆಜ್ಡಿ ರೋಡ್‌ಕಿಂಗ್ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 250 ಸಿಸಿ, ಟೂ ಸ್ಟ್ರೋಕ್, ಬರೀ ಗಾಳಿಯಲ್ಲಿ ತಣಿಯುವ ಇಂಜಿನ್. ಕಾರ್ಖಾನೆ 1996ರಲ್ಲೇ ಮುಚ್ಚಿತು. ವರ್ಷಗಟ್ಟಲೆ ಶೆಡ್ಡಿನಲ್ಲಿ ಕೋಳಿ ಕೂರುತ್ತಿದ್ದ ಗಾಡಿಯನ್ನು ಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಸವೆದ ಒಳಗೋಡೆಯನ್ನು ಕೊರೆಸಿ ಸಮ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಓಡುವ ಹಾಗೆ ಮಾಡಿದ್ದೇನೆ. ಅಕ್ಕನ ಮಗನಿಗೆ ಅದರಲ್ಲಿ ಹಂಪಿವರೆಗೆ ಹೋಗಬೇಕಂತೆ. ಜೇಬಿನಲ್ಲಿ ಇಟ್ಟುಕೊಳ್ಳಲಿ ಅಂತ ಒಂದು ಹಾಳೆ ಬರೆದುಕೊಟ್ಟೆ, ಕನ್ನಡದಲ್ಲೇ ಇರಬೇಕು ಅಂತ ಹಟ ಬೇರೆ. "ಅತಿತಾಪವಾದಲ್ಲಿ ವಾಹನ ನಿಲ್ಲಿಸಿ" ಅಂತ ಒಂದು ಸಾಲು. ಓದಿ, "ಏನ್ ಮಾವ, ಗಾಡಿಗೆ ಜ್ವರ ಬರುತ್ತಾ?" ಅಂದ.

ಅವನದೇನೂ ತಪ್ಪಿಲ್ಲ. ಹಾಳೆ ಹರಿದುಹಾಕಿ ಬೇರೆ ಪದ ಹುಡುಕಲು ಕೂತೆ.

"ಬಿಸಿ" ಸಾಲದು. ಐದು ನಿಮಿಷ ಓಡಿದ ಯಾವ ಇಂಜಿನ್ನೂ ಬಿಸಿಯೇ, ಆಗದಿದ್ದರೆ ಅದು ಸರಿಯಾಗಿ ಓಡುವುದೂ ಇಲ್ಲ. "ಶಾಖ" ಅಂದರೆ ನನಗೆ ಅಜ್ಜಿಯ ಮಂಡಿಗೆ ಉಪ್ಪಿನ ಗಂಟು ಇಡುತ್ತಿದ್ದದ್ದು ನೆನಪಾಗುತ್ತದೆ. "ಉಷ್ಣ" ಆದರೆ ಎಳನೀರು ಕುಡಿಸಬೇಕು. "ಝಳ" ಒಳ್ಳೇ ಪದ, ಆದರೆ ಅದು ಹೊರಗೆ ಬಂದು ನಮಗೆ ಹೊಡೆಯುವಂಥದ್ದು. ಸಿಗ್ನಲ್ಲಿನಲ್ಲಿ ನಿಂತಾಗ ಮೊಣಕಾಲಿಗೆ ತಾಗುವುದು ಝಳ, ಇಂಜಿನ್ನಿನ ಒಳಗಿನ ಸ್ಥಿತಿಯನ್ನು ಅದು ಹೇಳುವುದಿಲ್ಲ. ಇನ್ನು "ಕಾವು" ಅಂದರೆ ನಮ್ಮ ಶಿಡ್ಲಘಟ್ಟದ ಕಡೆ ತೀರಾ ಪ್ರೀತಿಯ ಪದ. ಚಾಕಿ ಹುಳುವಿಗೆ, ಅಂದರೆ ರೇಷ್ಮೆಯ ಎಳೇ ಹುಳುವಿಗೆ, 27-28 ಡಿಗ್ರಿ ಬೇಕು, ಚಳಿಗಾಲದಲ್ಲಿ ಹುಳುಮನೆಯಲ್ಲಿ ಇದ್ದಿಲ ಒಲೆ ಇಟ್ಟು ಕಾವು ಕೊಡುತ್ತಾರೆ. ಕೋಳಿಯೂ ಮೊಟ್ಟೆಗೆ ಕಾವು ಕೊಡುತ್ತದೆ. ಬದುಕಿಸುವ ಬಿಸಿ ಅದು. ಗಾಡಿ ಕೆಡಿಸುವ ಬಿಸಿಗೆ ಅದನ್ನು ಬಳಸಲು ನನಗಂತೂ ಮನಸ್ಸು ಬರಲಿಲ್ಲ.

ಪದ ಸಿಕ್ಕಿದ್ದು ನಂದಿ ಬೆಟ್ಟ ಇಳಿಯುವಾಗ. ಹತ್ತುವಾಗ ಏನೂ ಆಗಲಿಲ್ಲ ನೋಡಿ. ಇಳಿಜಾರಿನಲ್ಲಿ ಸುಮ್ನೆ ಥ್ರಾಟಲ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಬಿಟ್ಟುಕೊಂಡು ಬರುತ್ತಿದ್ದೆ. ಈ ಗಾಡಿಯಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ ಬೆರೆತು, ಹಾಗಾಗಿ ಥ್ರಾಟಲ್ ಮುಚ್ಚಿದರೆ ಪಿಸ್ಟನ್ನಿಗೆ ಆಯಿಲ್ಲೂ ಕಡಿಮೆಯಾಗುತ್ತದೆ, ಇತ್ತ ಚಕ್ರ ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಬೀಡಿನ (ಎರಕದ ಕಬ್ಬಿಣದ) ಸಿಲಿಂಡರ್ ಬೋರಿಗಿಂತ ಜಾಸ್ತಿ ಹಿಗ್ಗುತ್ತದೆ. ಹಿಗ್ಗಿತು, ಹಿಡಿದುಕೊಂಡಿತು, ಹಿಂದಿನ ಚಕ್ರ ಕಿರ್ ಅಂತ ಎಳೆಯಿತು. ಕ್ಲಚ್ ಹಿಡಿದದ್ದಕ್ಕೆ ಬಚಾವಾದೆ. ತಪ್ಪು ನನ್ನದೇ, ಮಧ್ಯೆ ಮಧ್ಯೆ ಸ್ವಲ್ಪ ರೇಸ್ ಕೊಡುತ್ತಾ ಇಳಿಯಬೇಕಿತ್ತು. ಮುಕ್ಕಾಲು ಗಂಟೆ ಕೂತೆ, ಆರಿದ ಮೇಲೆ ಕಿಕ್ ಆಡಿತು.

ಕೆಳಗೆ ಬಂದು ನಮ್ಮ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಒಂದೇ ಉಸಿರಿನಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಆಡುವ ಮನುಷ್ಯ. ಪ್ಲಗ್ ಬಿಚ್ಚಿ ನೋಡಿದರು. ತುದಿ ಕಾಫಿ ಬಣ್ಣಕ್ಕೆ ಇರಬೇಕಾದದ್ದು ಬೆಳ್ಳಗಾಗಿತ್ತು, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು, ಜೆಟ್ ಅನ್ನುತ್ತಾರೆ, ಅದರಲ್ಲೂ ಕಸ ಕೂತಿತ್ತು. "ಗಾಡಿ ಗರಂ ಆಗೋದು ಬೇರೆ ಸಾರ್, ಇದು ಕಾದೋಗಿತ್ತು" ಅಂದರು.

ಅಲ್ಲೇ ಇದೆ ಅಲ್ವಾ? ಇಂಗ್ಲಿಷಿನ ಓವರ್ ಅನ್ನೋದು ಪದದ ಮುಂದೆ ಕೂರುತ್ತದೆ ಅಂತ ನಾವೂ ಮುಂದೆಯೇ ಹುಡುಕುತ್ತೇವೆ, ಅತಿ, ಅಧಿಕ, ಮಿತಿಮೀರಿದ ಅಂತ. ಆಡುಮಾತು ಆ ಕೆಲಸವನ್ನು ಹಿಂದೆ ಬರುವ "ಹೋಗು"ವಿಗೆ ಬಿಟ್ಟಿದೆ. ಹಂಚು ಕಾದಿದೆ ಅಂದರೆ ದೋಸೆ ಹುಯ್ಯಬಹುದು. ಹಂಚು ಕಾದುಹೋಗಿದೆ ಅಂದರೆ ತಡಿ, ನೀರು ಚಿಮುಕಿಸು. ಒಣಗಿದೆ, ಒಣಗಿಹೋಗಿದೆ. ಬೆಂದಿದೆ, ಬೆಂದುಹೋಗಿದೆ. ಕೈಮೀರಿತು ಅನ್ನುವ ಭಾವ ಆ ಬಾಲದಲ್ಲಿದೆ.

ಒಂದು ಅನುಮಾನ ಮಾತ್ರ ಉಳಿದಿದೆ. ಹೋಗು ಬಂದರೆ ಮತ್ತೆ ವಾಪಸ್ ಬರಲ್ಲ ಅನ್ನುವ ಅರ್ಥವೂ ಇದೆ: ಕ್ಲಚ್ ಪ್ಲೇಟ್ ಸೀದುಹೋದರೆ ಮುಗಿಯಿತು, ಹೊಸದೇ ಹಾಕಬೇಕು. ಕಾದುಹೋದ ಇಂಜಿನ್ ಆರಿದರೆ ಸರಿಹೋಗುತ್ತದೆ. (ಸರಿ"ಹೋಗು"ವುದರಲ್ಲೂ ಅದೇ ಹೋಗು, ನೋಡಿ.) ಈ ವ್ಯತ್ಯಾಸ ನಿಮ್ಮ ಕಿವಿಗೂ ಕೇಳಿಸುತ್ತದೆಯೋ, ಅಥವಾ ಕಾದುಹೋಯ್ತು ಅಂದ ತಕ್ಷಣ ಗುಜರಿಗೆ ಹೋಯ್ತು ಅನ್ನಿಸುತ್ತದೆಯೋ ಹೇಳಿ.

ಹೊಸ ಹಾಳೆ ಈಗ ಹೀಗಿದೆ. "ಹೊರಡುವ ಮೊದಲು ಇಂಜಿನ್ ಕಾಯುವವರೆಗೆ ಕಾಯಿ." ಇದನ್ನು ಓದಿ ಹುಡುಗ ಮತ್ತೆ ನಕ್ಕ, ಆದರೂ ಬದಲಾಯಿಸಲಿಲ್ಲ. "ಕಾದುಹೋದರೆ ನೆರಳಿನಲ್ಲಿ ನಿಲ್ಲಿಸಿ ಆರಲು ಬಿಡು. ತಣ್ಣೀರು ಹುಯ್ಯಬೇಡ, ಬೀಡು ಸೀಳುತ್ತೆ." ಬೋರ್ ಮಾಡಿಸಿದ ಮೇಲೆ ಕೆಲವು ನೂರು ಕಿಲೋಮೀಟರ್ ನಿಧಾನ ಓಡಿಸುವುದಕ್ಕೆ "ಪಳಗಿಸು" ಅಂತ ಹಾಕಿದ್ದೇನೆ, ಹೊಸ ಕಾವಲಿಯನ್ನೂ ಹೋರಿಯನ್ನೂ ಪಳಗಿಸುವ ಹಾಗೆ. ಅದಕ್ಕೆ ಯಾರ ತಕರಾರೂ ಬರಲಾರದು ಅಂದುಕೊಂಡಿದ್ದೇನೆ.

ಒಂದು ಜಾಗ ಖಾಲಿ ಬಿಟ್ಟಿದ್ದೇನೆ. ಸಿಲಿಂಡರ್ ಸುತ್ತ ಗಾಳಿ ಆಡಲು ಸಾಲಾಗಿ ಇರುತ್ತಲ್ಲ ತೆಳು ಲೋಹದ ಪಟ್ಟಿಗಳು, ಅವುಗಳ ನಡುವೆ ಕೂತ ಕೆಸರು ಮತ್ತು ಜಿಡ್ಡನ್ನು ಕೆರೆದು ತೆಗೆಯದಿದ್ದರೆ ಗಾಳಿ ತಾಗುವುದಿಲ್ಲ. ಎಲ್ಲರೂ ಫಿನ್ ಅನ್ನುತ್ತಾರೆ. "ರೆಕ್ಕೆ" ಅಂದರೆ ಹಾರುತ್ತೆ, "ಅಲಗು" ಅಂದರೆ ಕುಯ್ಯುತ್ತೆ. ನಿಮ್ಮೂರಿನ ಗ್ಯಾರೇಜಿನಲ್ಲಿ ಬೇರೆ ಹೆಸರಿದ್ದರೆ ತಿಳಿಸಿ, ಹುಡುಗ ಮುಂದಿನ ಶನಿವಾರ ಹೊರಡುತ್ತಾನೆ.