ಪದಚರ್ಚೆ: ಸಮತೋಲನ ಪರೀಕ್ಷೆಯ ಮಾಹಿತಿಪತ್ರಕ್ಕೆ ಬೇಕಾದ ಪದಗಳು

ಮಾನ್ಯರೇ,

ನಿಂತಾಗ, ನಡೆಯುವಾಗ ಮೈ ಆಯ ತಪ್ಪುತ್ತದೆಯೇ ಎಂದು ನೋಡುವ ಪರೀಕ್ಷೆಯ ಬಗ್ಗೆ ರೋಗಿಗಳಿಗೆ ಕೊಡುವ ಮಾಹಿತಿಪತ್ರದಲ್ಲಿ ಯಾವ ಕನ್ನಡ ಪದಗಳಿರಬೇಕು ಎಂಬ ಪ್ರಶ್ನೆ ಈ ಚರ್ಚೆಗೆ ಬಂದಿದೆ. ಅದರ ಕರಡೂ ಹಲವರ ಸೂಚನೆಗಳೂ ಮುಂದಿವೆ. ಪತ್ರ ನಾಳೆಯೇ ಅಚ್ಚಿಗೆ ಹೋಗಬೇಕೆಂದು ಕೇಳಿದವರು ಬರೆದಿರುವುದರಿಂದ, ಮೊದಲು ಪದಗಳನ್ನು ಹೇಳಿ ಆಮೇಲೆ ವಾದಕ್ಕೆ ಬರುತ್ತೇನೆ. ತಲೆಬರಹದಲ್ಲಿ ‘ಸಮತೋಲನ ಪರೀಕ್ಷೆ’ ಎಂದೇ ಇರಲಿ. ಅದು ರೂಢಿಯಲ್ಲಿ ನೆಲೆನಿಂತ ಪದ. ರೋಗಿಯನ್ನು ಕೇಳುವ ಪ್ರಶ್ನೆಗಳಲ್ಲಿ ಮಾತ್ರ ‘ಆಯ ತಪ್ಪುವುದು’ ಎಂದು ಬರೆಯಿರಿ. ಆಯವೆಂದರೆ ಆದಾಯವೆಂಬ ಆಕ್ಷೇಪಕ್ಕೆ ಹುರುಳಿಲ್ಲ. ‘ಮೆಟ್ಟಿಲಿಳಿಯುವಾಗ ಆಯ ತಪ್ಪಿ ಬಿದ್ದೆ’ ಎಂಬ ಮಾತನ್ನು ಹಣದ ವಿಚಾರವೆಂದು ತಿಳಿಯುವ ಕನ್ನಡಿಗರಿಲ್ಲ.

‘ತಲೆಸುತ್ತು ಇದೆಯೇ’ ಎಂಬ ಒಂದೇ ಪ್ರಶ್ನೆ ಸಾಲದು. ಸುತ್ತಲಿನದೆಲ್ಲ ತಿರುಗಿದಂತೆ ಕಾಣುವುದು, ಕಣ್ಣು ಕತ್ತಲೆಗಟ್ಟಿ ಇನ್ನೇನು ಎಚ್ಚರ ತಪ್ಪುತ್ತದೆ ಎನಿಸುವುದು, ತಲೆ ಸರಿಯಿದ್ದೂ ನಡೆಯುವಾಗ ಕಾಲು ನಿಲ್ಲದೆ ತೂರಾಡುವುದು, ಈ ಮೂರನ್ನೂ ನಮ್ಮಲ್ಲಿ ತಲೆಸುತ್ತು ಎಂದೇ ಹೇಳುತ್ತಾರೆ. ವೈದ್ಯರಿಗೆ ಇವು ಬೇರೆ ಬೇರೆ ಕಾರಣಗಳತ್ತ ಬೆರಳು ತೋರುವ ಲಕ್ಷಣಗಳು. ಆದ್ದರಿಂದ ಮೂರು ಪ್ರಶ್ನೆಗಳಾಗಿಯೇ ಬಿಡಿಸಿ ಬರೆಯಬೇಕು.

ಈಗ ಮುಖ್ಯ ತೊಡಕಿಗೆ ಬರೋಣ. ರೋಗಿಯನ್ನು ಒಂದು ಹಲಗೆಯ ಮೇಲೆ, ಸುತ್ತ ಪರದೆಯಿಟ್ಟು ನಿಲ್ಲಿಸಿ ಮಾಡುವ ಆರು ಹಂತಗಳ ಪರೀಕ್ಷೆಯನ್ನು ಕರಡಿನಲ್ಲಿ ವಿವರಿಸುತ್ತ ‘ಚಲಿಸುವ ವೇದಿಕೆ’, ‘ದೃಷ್ಟಿರಹಿತ ಸ್ಥಿತಿ’ ಎಂದು ಬರೆಯಲಾಗಿದೆ. ಎರಡೂ ತಪ್ಪು. ಅಲ್ಲಿನ ಹಲಗೆ ತನ್ನಷ್ಟಕ್ಕೆ ಚಲಿಸುವುದಿಲ್ಲ. ನಿಂತವರು ಮುಂದಕ್ಕೆ ಓಲಿದಷ್ಟೇ ಅದೂ ಮುಂದಕ್ಕೆ ವಾಲುತ್ತದೆ, ಹಿಂದಕ್ಕೆ ಓಲಿದರೆ ಹಿಂದಕ್ಕೆ ವಾಲುತ್ತದೆ. ಹೀಗಾಗಿ ಮೈ ಓಲಿದರೂ ಪಾದವೂ ಕಾಲೂ ಕೂಡುವ ಹರಡಿನ ಕೀಲಿನ ಕೋನ ಹೆಚ್ಚುಕಡಿಮೆ ಬದಲಾಗದೆ ಉಳಿಯುತ್ತದೆ, ಪಾದ ಮತ್ತು ಕಾಲುಗಳಿಂದ ಮೆದುಳಿಗೆ ‘ನೀನು ನೆಟ್ಟಗಿದ್ದೀಯೆ’ ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಸುತ್ತಲಿನ ಪರದೆಯೂ ಹಾಗೆಯೇ ಮೈಯ ಜೊತೆಗೆ ವಾಲಿದಾಗ ಕಣ್ಣು ಮೋಸಹೋಗುತ್ತದೆ. ಕಣ್ಣು ಮುಚ್ಚಿದಾಗ ಸುದ್ದಿಯೇ ಇಲ್ಲ, ಪರದೆ ವಾಲಿದಾಗ ಸುದ್ದಿ ಇದೆ, ಆದರೆ ಅದು ಸುಳ್ಳು. ಈ ಎರಡು ಸ್ಥಿತಿಗಳಿಗೆ ‘ದೃಷ್ಟಿರಹಿತ’ ಎಂಬ ಒಂದೇ ಪದವನ್ನು ಹಚ್ಚಿದರೆ ಪರೀಕ್ಷೆಯ ಹುರುಳೇ ಅಳಿಸಿಹೋಗುತ್ತದೆ. ಐದನೆಯ ಹಂತದಲ್ಲಿ ಕಣ್ಣು ಮುಚ್ಚಿರುತ್ತದೆ, ಹಲಗೆಯೂ ವಾಲುತ್ತಿರುತ್ತದೆ. ಆಗ ನೆಚ್ಚಬಹುದಾದದ್ದು, ತಲೆಯ ಚಲನೆಯನ್ನೂ ವಾಲಿಕೆಯನ್ನೂ ಅರಿಯುವ ಒಳಗಿವಿ ಒಂದೇ. ನನ್ನ ಸೂಚನೆ: ‘ಓಲಾಟಕ್ಕೆ ತಕ್ಕಂತೆ ವಾಲುವ ಹಲಗೆ’, ‘ಕಣ್ಣು ಮುಚ್ಚಿ’, ‘ಕಣ್ಣಿಗೆ ತಪ್ಪು ಸುಳಿವು ಕೊಟ್ಟು’. ಉದ್ದವಾಯಿತೆಂದು ದೂರುವವರು ಇದಕ್ಕಿಂತ ಗಿಡ್ಡದಾಗಿ, ಇಷ್ಟೇ ನಿಖರವಾಗಿ ಹೇಳಿ ತೋರಿಸಲಿ.

‘ಒಳಕರ್ಣ’ ಬೇಡವೇ ಬೇಡ. ಅದು ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದದ್ದು. ‘ಒಳಗಿವಿ’ ಎಂಬ ಸೊಗಸಾದ ಪದ ಕೈಯಲ್ಲಿರುವಾಗ, ಬೇಕೆನ್ನುವವರಿಗೆ ‘ಅಂತಃಕರ್ಣ’ವೂ ಇರುವಾಗ, ಇವೆರಡನ್ನೂ ಸೀಳಿ ಬೆಸೆಯುವ ಅಗತ್ಯವೇನು? ‘ಸಮತೋಲನ’ದ ಬದಲಿಗೆ ಸೂಚಿಸಿದ ‘ಸಮತೂಕ’ಕ್ಕೂ ನನ್ನ ತಕರಾರು ಇದೇ. ಅದಕ್ಕಿಂತ ಮುಖ್ಯವಾಗಿ, ‘ಸಮತೋಲನ’ದ ತುಲೆಯೂ ‘ಸಮತೂಕ’ದ ತೂಕವೂ ತಕ್ಕಡಿಯ ತಟ್ಟೆಗಳು ಸಮವಾಗಿ ನಿಂತುಬಿಡುವುದನ್ನು ಸೂಚಿಸುತ್ತವೆ, ಮನುಷ್ಯನ ನಿಲುವು ಹಾಗಿಲ್ಲ. ‘ಸಮತೋಲನ’ವನ್ನು ತಲೆಬರಹದಲ್ಲಿ ಉಳಿಸಿದ್ದು ರೂಢಿಯ ಬಲದಿಂದಷ್ಟೇ. ಆರೋಗ್ಯವಂತರು ಅಲುಗಾಡದೆ ನಿಂತಂತೆ ಕಂಡಾಗಲೂ ಸ್ವಲ್ಪಸ್ವಲ್ಪ ಓಲುತ್ತ, ಮರಳಿ ಸರಿಮಾಡಿಕೊಳ್ಳುತ್ತಲೇ ಇರುತ್ತಾರೆ. ಆದ್ದರಿಂದ ‘ಓಲಾಟ’ವನ್ನು ರೋಗಲಕ್ಷಣವೆಂದು ಬರೆಯಬೇಡಿ, ಓಲಾಟ ಎಲ್ಲರಿಗೂ ಇದೆ, ಪರೀಕ್ಷೆ ಅಳೆಯುವುದು ಅದರ ಪ್ರಮಾಣವನ್ನು.

ಒಳಗಿವಿಯ ಈ ಅಂಗಕ್ಕೆ ಸಂಬಂಧಿಸಿದ ‘ವೆಸ್ಟಿಬ್ಯುಲರ್’ ಎಂಬ ಇಂಗ್ಲಿಷ್ ಪದಕ್ಕೆ, ಮನೆಯ ಮೊಗಸಾಲೆ ಎಂಬರ್ಥದ ಲ್ಯಾಟಿನ್ ಮೂಲವನ್ನು ಹಿಡಿದು ‘ಮೊಗಸಾಲೆಯ ಇಂದ್ರಿಯ’ ಎಂದವರ ಶ್ರಮ ವ್ಯರ್ಥ. ಮೂಲದಲ್ಲಿ ಅದು ಅಂಗರಚನೆಯನ್ನು ಕಂಡವರು ಇಟ್ಟ ಹೆಸರು. ತಲೆಯ ತಿರುವನ್ನು ಅರಿಯುವ ಮೂರು ಅರ್ಧವರ್ತುಲ ನಾಳಗಳು, ವಾಲಿಕೆಯನ್ನೂ ನೇರ ಚಲನೆಯನ್ನೂ ಅರಿಯುವ ಎರಡು ಚೀಲಗಳು ಮಾಡುವ ಕೆಲಸವನ್ನು ಮೊಗಸಾಲೆ ಹೇಳುವುದಿಲ್ಲ. ರೋಗಿಯ ಪತ್ರದಲ್ಲಿ ‘ಒಳಗಿವಿಯ ಆಯದ ಅಂಗ’ ಎಂದಿರಲಿ, ವೈದ್ಯರ ವರದಿಯಲ್ಲಿ ‘ವೆಸ್ಟಿಬ್ಯುಲರ್’ ಹಾಗೆಯೇ ಉಳಿಯಲಿ. ಎರವಲು ಪದ ಬಂದೊಡನೆ ಕನ್ನಡ ಸೋತಿತೆಂದು ಕೊರಗುವುದು ನನಗೆ ಒಪ್ಪಿಗೆಯಿಲ್ಲ. ಕುರ್ಚಿಯನ್ನೂ ಮೇಜನ್ನೂ ನಮ್ಮದಾಗಿಸಿಕೊಂಡ ಭಾಷೆಗೆ ಆ ಅಂಜಿಕೆ ತರವಲ್ಲ. ಕನ್ನಡಕ್ಕೆ ಕುಂದು ಬರುವುದು, ಇರುವ ಪದವನ್ನು ಬಿಟ್ಟು ಯಾರಿಗೂ ತಿಳಿಯದ ಪದವನ್ನು ಟಂಕಿಸಿದಾಗ.

‘ರಾಂಬರ್ಗ್ ಪರೀಕ್ಷೆ’ಯನ್ನು ‘ಕಿರುಮೆದುಳಿನ ಪರೀಕ್ಷೆ’ ಎಂದು ಅನುವಾದಿಸಿದ್ದು ಅರ್ಥದೋಷ. ಪಾದಗಳನ್ನು ಜೋಡಿಸಿ ನಿಂತವರು ಕಣ್ಣು ತೆರೆದಾಗ ನಿಲ್ಲಬಲ್ಲವರಾಗಿದ್ದು, ಮುಚ್ಚಿದೊಡನೆ ಆಯ ತಪ್ಪುತ್ತಾರೆಯೇ ಎಂಬುದನ್ನು ಅದು ನೋಡುತ್ತದೆ; ಆ ಹೆಸರಿನ 19ನೆಯ ಶತಮಾನದ ಜರ್ಮನ್ ವೈದ್ಯರು ಇದನ್ನು ಗುರುತಿಸಿದ್ದು ಬೆನ್ನುಹುರಿಯ ರೋಗಿಗಳಲ್ಲಿ. ಕಿರುಮೆದುಳು ಕೆಟ್ಟವರು ಕಣ್ಣು ತೆರೆದಿದ್ದರೂ ತೂರಾಡುವುದುಂಟು. ರಾಂಬರ್ಗ್ ಪರೀಕ್ಷೆ ಮುಖ್ಯವಾಗಿ ಪರೀಕ್ಷಿಸುವುದು ‘ಕಾಲು ಎಲ್ಲಿದೆ, ಹೇಗಿದೆ ಎಂಬ ಅರಿವ’ನ್ನು. ಈ ಅರಿವಿಗೆ ‘ಸ್ವಸಂವೇದನೆ’ ಎಂದರೆ ಓದುವವರು ಮನಸ್ಸಿನ ವಿಚಾರವೆಂದು ತಿಳಿದಾರು. ಫಲಿತಾಂಶವನ್ನು ‘ಧನಾತ್ಮಕ’ ಎಂದೂ ಬರೆಯಬೇಡಿ, ರೋಗಿ ಅದನ್ನು ಶುಭಸುದ್ದಿಯೆಂದು ಓದುತ್ತಾನೆ. ‘ದೋಷ ಕಂಡುಬಂದಿದೆ’ ಎನ್ನಿ.

ಇನ್ನು ಉಳಿದದ್ದು ಮೈಗೆ ಕಟ್ಟುವ ಸಾಧನ. ‘ರಕ್ಷಾಕವಚ’ ಯುದ್ಧದ ಮಾತು. ‘ಬೀಳದಂತೆ ಹಿಡಿಯುವ ಬೆಲ್ಟು’ ಎಂದು ಅಚ್ಚುಮಾಡಿಸಿ.